ಕೆಲಸವಿಲ್ಲದೆ ಪೇಟೆಗೆ ಹೋಗುವುದು ತಪ್ಪೇ?

 

ಕಳೆದ ಭಾನುವಾರ ಸಿಗಾಲೋವಾದ ಸುತ್ತ ಓದುತ್ತಿದ್ದಾಗ ನಮ್ಮ ಕತ್ತಲಗೆರೆಯ ಹೊಸ ದಂಪತಿಯ ಮಾತು ಬಂತು. ಇಬ್ಬರೂ ಒಂದು ದಿನ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು, ಗಾಜಿನ ಮನೆ ನೋಡಿ, ಕುಂದವಾಡ ಕೆರೆಯ ಹತ್ತಿರ ಅಡ್ಡಾಡಿ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದರು. ಆಸ್ಪತ್ರೆ ಕೆಲಸ ಇರಲಿಲ್ಲ, ಸಂತೆ ವ್ಯಾಪಾರ ಇರಲಿಲ್ಲ. ಎರಡಾಳಿನ ಕೂಲಿ ಹೋಯಿತು ಎಂದು ಮನೆಯ ಹಿರಿಯರು ಗೊಣಗಿದರು. ಹುಡುಗ ನನ್ನನ್ನು ಕೇಳಿದ: "ಮೇಷ್ಟ್ರೇ, ಬೀದಿ ಸುತ್ತೋದು ಸಂಪತ್ತು ಹಾಳಾಗೋ ಆರು ದಾರೀಲಿ ಒಂದು ಅಂತ ಈಗ ತಾನೆ ಓದಿದ್ರಿ. ಹಂಗಾದ್ರೆ ನಾವು ಮಾಡಿದ್ದು ತಪ್ಪಾ?"

ಸುತ್ತವನ್ನು ನಿಧಾನವಾಗಿ ಓದಬೇಕು. ಬುದ್ಧರು ಬೀದಿಯನ್ನು ಬಯ್ದಿಲ್ಲ. ಅಲ್ಲಿರುವ ಪದ 'ವಿಕಾಲ', ಹೊತ್ತಲ್ಲದ ಹೊತ್ತು. ಜೊತೆಗೆ 'ಅನುಯೋಗ', ಅದೇ ಚಟವಾಗುವುದು. ಹಾಗೆ ಸುತ್ತುವವನಿಗೆ ತನ್ನ ರಕ್ಷಣೆ ಇಲ್ಲ, ಹೆಂಡತಿ ಮಕ್ಕಳಿಗೆ ರಕ್ಷಣೆ ಇಲ್ಲ, ಆಸ್ತಿಗೆ ರಕ್ಷಣೆ ಇಲ್ಲ, ಜನ ಸಂಶಯ ಪಡುತ್ತಾರೆ, ಸುಳ್ಳು ಸುದ್ದಿ ಹಬ್ಬುತ್ತದೆ, ಕಷ್ಟಗಳು ಸುತ್ತಿಕೊಳ್ಳುತ್ತವೆ ಎಂದು ಕಾರಣ ಕೊಟ್ಟಿದ್ದಾರೆ. ಹಗಲು ಹೊತ್ತಿನಲ್ಲಿ ಹೆಂಡತಿಯ ಜೊತೆಗೇ ನಡೆಯುವವನಿಗೆ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆ ಹೇಳಿ?

ಆದರೆ ಆ ಸಂಶಯದ ಮಾತಿನ ಹತ್ತಿರ ನನ್ನ ಓದು ನಿಂತುಬಿಡುತ್ತದೆ. ನಮ್ಮ ಅಜ್ಜ ಅಜ್ಜಿಯರನ್ನು ಸಂಶಯದಿಂದ ನೋಡಲು ರಾತ್ರಿಯೇ ಆಗಬೇಕಿರಲಿಲ್ಲ. ಹಾಡಹಗಲಲ್ಲೂ "ಯಾಕೆ ಬಂದೆ, ಯಾರ ಕೆಲಸ?" ಎನ್ನುವ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕಾಲು ಎತ್ತಬೇಕಿತ್ತು. ಕಾರಣ ಹೇಳದೆ ಒಂದು ಕಡೆ ನಿಲ್ಲುವುದು ಅವರ ಪಾಲಿಗೆ ಇರಲಿಲ್ಲ. ಹಿರಿಯರ ಗೊಣಗಾಟದೊಳಗೆ ಕೂಲಿಯ ಲೆಕ್ಕದ ಜೊತೆ ಈ ಹಳೆಯ ಭಯವೂ ಇದೆ ಎಂದು ನನಗನ್ನಿಸುತ್ತದೆ.

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಸೇರಿದಾಗ ಆ ಊರಲ್ಲಿ ಮಲಗಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಸ್ನೇಹಿತರ ಮನೆಯೂ ಸಿಗಲಿಲ್ಲ. ಮುಂಬೈ ರೈಲಿನ ಹೊತ್ತಾಗುವವರೆಗೆ ಅವರು ಕಾಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದರು. ದೂರದಿಂದ ನೋಡಿದವರಿಗೆ ಹವಾ ಸೇವನೆಗೆ ಬಂದ ಮನುಷ್ಯನಂತೆಯೇ ಕಂಡಿರಬೇಕು. ಹೋಗಲು ಜಾಗವಿಲ್ಲದೆ ಉದ್ಯಾನದಲ್ಲಿ ಕೂರುವುದು ಬೇರೆ, ಎಲ್ಲಿಗಾದರೂ ಹೋಗಬಹುದಾಗಿದ್ದೂ ಇಲ್ಲೇ ಸ್ವಲ್ಪ ಕೂರೋಣ ಎನ್ನುವುದು ಬೇರೆ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿರುವುದನ್ನು ಓದಿದಾಗಲೆಲ್ಲ ನನಗೆ ಆ ಉದ್ಯಾನ ನೆನಪಾಗುತ್ತದೆ.

1945ರಲ್ಲಿ ಗಾಂಧೀವಾದವನ್ನು ವಿಮರ್ಶಿಸುತ್ತಾ ಬಾಬಾಸಾಹೇಬರು ಯಂತ್ರಗಳ ಪರ ವಾದಿಸಿದ್ದು ಇದಕ್ಕೇ: ದುಡಿಮೆಯಲ್ಲೇ ಸವೆದುಹೋಗುವ ಮನುಷ್ಯನಿಗೂ ಪಶುವಿಗೂ ಅಂತರ ಉಳಿಯುವುದಿಲ್ಲ, ಬಿಡುವು ಇದ್ದರೆ ಮಾತ್ರ ಸಂಸ್ಕೃತಿ ಸಾಧ್ಯ. ಕನ್ನಡ ಮೇಷ್ಟ್ರ ಚಾಳಿ ಬಿಡಲಾರದೆ ಹೇಳುತ್ತೇನೆ, ಬಿಡುವು, ಬಿಡುಗಡೆ ಎರಡೂ 'ಬಿಡು' ಧಾತುವಿನಿಂದ ಬಂದವು.

ಸಾಲ ಮಾಡಿ ಸುತ್ತಿದ್ದರೆ ನಾನೂ ಹಿರಿಯರ ಪಕ್ಷ. ಅನಾಥಪಿಂಡಿಕನಿಗೆ ಬುದ್ಧರು ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಧರ್ಮದಿಂದ ಗಳಿಸಿದ್ದನ್ನು ಅನುಭವಿಸುವುದೂ ಒಂದು, ಸಾಲವಿಲ್ಲದಿರುವುದೂ ಒಂದು. ಇವರದು ಸ್ವಂತ ದುಡಿಮೆಯ ದುಡ್ಡು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಆಕೆಯ ಟಿಕೆಟ್ಟಿನ ಖರ್ಚೂ ಇಲ್ಲ.

ನನಗೆ ಉಳಿದಿರುವ ಪ್ರಶ್ನೆ ಬೇರೆ. ಆ ದಿನ ಬಿಡುವು ಸಿಕ್ಕಿದ್ದು ಯಾರಿಗೆ? ಆ ಮಗಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದಿಟ್ಟು ಬಸ್ಸು ಹತ್ತಿದಳಂತೆ. ಬಂದ ಮೇಲೆ ಪಾತ್ರೆ ಕಾದಿದ್ದವು. ಗಂಡನಿಗೆ ಇಡೀ ದಿನ ಬಿಡುವು, ಆಕೆಗೆ ಎರಡು ಪಾಳಿಯ ನಡುವಿನ ಬಿಡುವು. ಪೇಟೆಯಲ್ಲಿ ಅಕ್ಕಪಕ್ಕ ನಡೆದವರು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಹಿಂದೆ ಮುಂದೆ ಆಗುವುದನ್ನು ನಾವೆಲ್ಲ ನೋಡಿದ್ದೇವೆ. ನಕುಲಪಿತ, ನಕುಲಮಾತೆ ಎಂಬ ವೃದ್ಧ ದಂಪತಿ ಮುಂದೆಯೂ ಒಬ್ಬರನ್ನೊಬ್ಬರು ಕಾಣುವಂತಾಗಲಿ ಎಂದು ಕೇಳಿಕೊಂಡಾಗ ಬುದ್ಧರು ಇಬ್ಬರಿಗೂ ಒಂದೇ ಅಳತೆ ಕೊಟ್ಟರು: ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಇಬ್ಬರಲ್ಲೂ ಸಮನಾಗಿರಲಿ. ಶ್ರಮಕ್ಕೂ ಅದೇ ಅಳತೆ ಇಟ್ಟರೆ ಏನು ತಪ್ಪು?

ಬರುವ ಭಾನುವಾರ ಸಿಗಾಲೋವಾದದ ಮುಂದಿನ ಭಾಗ, ಹೆಂಡತಿಯ ವಿಷಯದಲ್ಲಿ ಗಂಡನ ಐದು ಕರ್ತವ್ಯಗಳು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಜೋಡಿಯಾಗಿ ಬನ್ನಿ. ಅಂದಿನ ಉಪ್ಪಿಟ್ಟು, ಚಹಾ, ಪಾತ್ರೆ ಗಂಡಸರ ಜವಾಬ್ದಾರಿ.