ತೃಪ್ತಿ ಯಾರ ಪಾಲಿಗೆ?

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವ. ಅಂದು ಕರಾವಳಿಯ ಕಥೋಲಿಕ ಕುಟುಂಬಗಳು ದೇವಾಲಯದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಪ್ರಾರ್ಥಿಸಿ, ಅದರ ಅಕ್ಕಿಯನ್ನು ಹಂಚಿಕೊಂಡು ಸೇವಿಸುತ್ತವೆ. ಸಿಗುವುದು ಚಿಟಿಕೆಯಷ್ಟೇ, ಆದರೆ ಮನೆಯ ಯಾರೊಬ್ಬರ ಪಾಲೂ ತಪ್ಪಬಾರದು.

ಸಂತ ಪೌಲರು ಸಂತೃಪ್ತಿಯ ವಿಷಯವಾಗಿ ಫಿಲಿಪ್ಪಿಯರಿಗೆ ಬರೆದದ್ದು ಸೆರೆಯಲ್ಲಿದ್ದಾಗ. ಅದು ತಮ್ಮ ಪಾಲಿನ ಕುರಿತು ಅವರು ತಾವೇ ಕಲಿತ ಪಾಠ. ನಾವಾದರೋ ಎಲ್ಲರಿಗೂ ಬಡಿಸಿ, ಕೊನೆಗೆ ತಳದ ಅನ್ನ ಉಣ್ಣುವ ತಾಯಿಗೆ, ಸೊಸೆಗೆ ಆ ಪಾಠ ಹೇಳುತ್ತೇವೆ! ನನ್ನ ತಟ್ಟೆ ನೋಡಿ ನಾನು ತೃಪ್ತನಾದರೆ ಅದು ಸದ್ಗುಣ. ಇನ್ನೊಬ್ಬರ ಬರಿದಾದ ತಟ್ಟೆ ನೋಡಿಯೂ ತೃಪ್ತನಾದರೆ ಅದು ಅನ್ಯಾಯ.

ಪ್ರಿಯರೇ, ಇಂದು ಜಪಸರ ಮುಗಿಸಿ ಊಟಕ್ಕೆ ಕುಳಿತಾಗ ಬಡಿಸುವವರನ್ನೂ ಜೊತೆಗೆ ಕೂರಿಸಿಕೊಳ್ಳಿ. ದೇವರಿಗೆ ಸಲ್ಲಿಸುವ ಕೃತಜ್ಞತೆ ಅಲ್ಲಿಂದಲೇ ಆರಂಭವಾಗಲಿ.