ತಿಳಿದ ಮೇಲೂ ಉಳಿಯುವ ಬೆರಗು

ಗೊತ್ತಿಲ್ಲದ್ದನ್ನು ಕಂಡಾಗಲೇ ಬೆರಗು ಹುಟ್ಟುತ್ತದೆ, ಗೊತ್ತಾದ ಮೇಲೆ ಅದು ಸಾಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಕೈಚಳಕದ ಗುಟ್ಟು ಬಯಲಾದ ಮೇಲೆ ಜಾದೂಗಾರನ ಮುಂದೆ ಯಾರೂ ಕೂರುವುದಿಲ್ಲವಲ್ಲ. ಆದರೆ ಗುಟ್ಟು ತಿಳಿದಷ್ಟೂ ಬೆರಗು ಬೆಳೆಯುವ ವಸ್ತುಗಳೂ ಲೋಕದಲ್ಲಿವೆ. ನನ್ನ ಪಾಲಿಗೆ ಅವುಗಳಲ್ಲಿ ಮೊದಲನೆಯದು ಹತ್ತು ತೂತಿನ ಡಯಲ್ ಇರುವ, ಎತ್ತಿದರೆ ಕೈಗೆ ಭಾರವೆನಿಸುವ ಹಳೆಯ ಕರಿ ಫೋನು.

ಬೆಂಗಳೂರಿನಲ್ಲಿ ಇಂಥ ಫೋನು ಹುಡುಕುವವರು ಗುಜರಿ ಅಂಗಡಿಗಳನ್ನೂ ಚಿಕ್ಕಪೇಟೆಯ ಆಸುಪಾಸಿನ ಸಂಡೇ ಬಜಾರನ್ನೂ ಸುತ್ತುತ್ತಾರೆ. ಮುರಿದ ಮಿಕ್ಸಿ, ತುಕ್ಕು ಹಿಡಿದ ಬೀಗ, ಕೀ ಇಲ್ಲದ ಗಡಿಯಾರಗಳ ನಡುವೆ ಒಮ್ಮೊಮ್ಮೆ ಒಂದು ಫೋನು ಮಲಗಿರುತ್ತದೆ. ಕೊಳ್ಳುವವರು ಮೊದಲು ನೋಡುವುದು ಅದರ ತಳವನ್ನು. ಅಲ್ಲಿ ‘ಐಟಿಐ ಬೆಂಗಳೂರು’ ಎಂಬ ಅಚ್ಚು ಸಿಕ್ಕರೆ ಮುಖ ಅರಳುತ್ತದೆ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವತಂತ್ರ ಭಾರತದ ಮೊದಮೊದಲ ಸರ್ಕಾರಿ ಉದ್ಯಮಗಳಲ್ಲಿ ಒಂದು. ಹಳೇ ಮದ್ರಾಸು ರಸ್ತೆಯಲ್ಲಿ ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ದೇಶದ ಎಷ್ಟೋ ಕಚೇರಿ, ಪೊಲೀಸ್ ಠಾಣೆ, ರೈಲ್ವೆ ಸ್ಟೇಷನ್‌ಗಳಲ್ಲಿ ಗಂಟೆ ಬಾರಿಸಿದ ಫೋನುಗಳು ಇಲ್ಲಿಂದ ಹೊರಟವು. ಕನ್ನಡ ನಾಡಿನ ಗುಜರಿಯಲ್ಲಿ ಅವು ಸಿಗುವುದು ಒಂದು ರೀತಿಯಲ್ಲಿ ತವರಿಗೆ ಮರಳಿದ ಹಾಗೆ.

ಮನೆಗೆ ತಂದ ಮೇಲೆ ನಿಜವಾದ ಕೆಲಸ ಶುರು. ತಳದ ತಿರುಪು ಬಿಚ್ಚಿ ಡಯಲನ್ನು ಹೊರತೆಗೆದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಬೆರಳಿನಿಂದ ನಾವು ಮಾಡುವುದು ಒಂದು ಸ್ಪ್ರಿಂಗನ್ನು ಬಿಗಿಯುವುದಷ್ಟೆ. ಆಗ ಯಾವ ಸಂದೇಶವೂ ಹೋಗುವುದಿಲ್ಲ. ಬೆರಳು ತೆಗೆದ ಮೇಲೆ, ಡಯಲ್ ತಾನಾಗಿ ಹಿಂದಿರುಗುವಾಗ, ಸಂಖ್ಯೆ ಹೊರಡುತ್ತದೆ. ಆ ಹಿಂತಿರುಗುವಿಕೆಯ ವೇಗ ಕಾಯಲು ಒಳಗೊಂದು ಪುಟ್ಟ ಗವರ್ನರ್ ಇದೆ. ಅಕ್ಷ ಜೋರಾಗಿ ತಿರುಗಿದರೆ ಅದರ ಎರಡು ಬಿಲ್ಲೆಗಳು ಹೊರಕ್ಕೆ ಹಾರಿ ಸುತ್ತಲಿನ ಬಟ್ಟಲಿಗೆ ಉಜ್ಜಿಕೊಳ್ಳುತ್ತವೆ, ವೇಗ ತಗ್ಗುತ್ತದೆ. ನಿಧಾನವಾದರೆ ಒಳಸರಿಯುತ್ತವೆ. ಹೀಗೆ ಸೆಕೆಂಡಿಗೆ ಹತ್ತು ಮಿಡಿತ ಎಂಬ ಲೆಕ್ಕ ತಪ್ಪುವುದಿಲ್ಲ. ಸಿಟ್ಟಿನಲ್ಲಿರುವ ಸಾಹೇಬರು ರಪ್ಪನೆ ತಿರುಗಿಸಲಿ, ಮೂರು ವರ್ಷದ ಕೂಸು ತಡವರಿಸುತ್ತ ತಿರುಗಿಸಲಿ, ಮರಳುವ ನಡಿಗೆ ಒಂದೇ. ಯಾರ ಅವಸರವೂ ಅದಕ್ಕೆ ತಟ್ಟುವುದಿಲ್ಲ.

ಮಿಡಿತ ಎಂದೆನಲ್ಲ, ಅದು ಏನೆಂದು ತಿಳಿದಾಗ ನಾನು ಇನ್ನಷ್ಟು ಬೆರಗಾದೆ. ರಿಸೀವರ್ ಎತ್ತಿದೊಡನೆ ಎಕ್ಸ್‌ಚೇಂಜಿನಿಂದ ಮನೆಗೆ ಬಂದು ಮರಳುವ ತಂತಿಯಲ್ಲಿ ವಿದ್ಯುತ್ ಹರಿಯತೊಡಗುತ್ತದೆ. ಡಯಲ್ ಮರಳುತ್ತ ಆ ಹರಿವನ್ನು ಕ್ಷಣಕ್ಷಣ ಕಡಿಯುತ್ತದೆ. ಮೂರು ಸಲ ಕಡಿದರೆ ಮೂರು, ಏಳು ಸಲ ಕಡಿದರೆ ಏಳು. ಸೊನ್ನೆಗೆ ಹತ್ತು, ಏಕೆಂದರೆ ಒಂದೂ ಸಲ ಕಡಿಯದಿದ್ದರೆ ಆ ಕಡೆಗೆ ಏನೂ ತಿಳಿಯದು. ಮಾತು ಹೊರಡುವ ಮೊದಲು ನಂಬರು ಹೋಗುವುದು ಮೌನದ ತುಣುಕುಗಳಲ್ಲಿ. ಇದನ್ನು ಪುಸ್ತಕ ಓದದೆಯೇ ಕಂಡುಕೊಂಡವರಿದ್ದರು. ಬಿಲ್ಲು ಹೆಚ್ಚಾಗುತ್ತದೆಂದು ಮನೆಯ ಯಜಮಾನರು ಡಯಲ್ಲಿನ ತೂತಿಗೆ ಪುಟ್ಟ ಬೀಗ ಜಡಿಯುತ್ತಿದ್ದ ಕಾಲದಲ್ಲಿ, ಹುಡುಗರು ರಿಸೀವರ್ ಇಡುವ ಜಾಗದ ಗುಂಡಿಯನ್ನೇ ಟಕಟಕ ಒತ್ತಿ ಗೆಳೆಯರಿಗೆ ಫೋನು ಹಚ್ಚುತ್ತಿದ್ದರು. ಗುಂಡಿಯೂ ಅದೇ ತಂತಿಯನ್ನು ಕಡಿಯುತ್ತದೆ. ಬೀಗ ಕಾಯುತ್ತಿದ್ದುದು ಡಯಲನ್ನು ಮಾತ್ರ, ತಂತಿಯನ್ನಲ್ಲ.

ಆ ಕಡೆ ಎಕ್ಸ್‌ಚೇಂಜಿನಲ್ಲಿ ನಡೆಯುತ್ತಿದ್ದುದು ಇನ್ನೂ ದೊಡ್ಡ ಸೋಜಿಗ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದ. ತನಗೆ ಬರಬೇಕಾದ ಕರೆಗಳನ್ನು ಊರಿನ ಆಪರೇಟರ್ ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿಯಿಂದ ಆತ ಇದನ್ನು ಕಟ್ಟಿದ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಆತನ ಮೊದಲ ಎಕ್ಸ್‌ಚೇಂಜ್ ತೆರೆಯಿತು. ಆಗ ಇದ್ದದ್ದು ಒತ್ತುವ ಕೀಲಿಗಳು, ಬೆರಳಿಟ್ಟು ತಿರುಗಿಸುವ ಡಯಲ್ ಬಂದದ್ದು ಆಮೇಲೆ. ಮುಂದೆ ನೂರು ತಾಣಗಳ ಸ್ವಿಚ್ಚು ಬಂತು: ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ತಾಣ. ನಂಬರಿನ ಕೊನೆಯ ಎರಡು ಅಂಕೆಗಳು 47 ಎಂದಿಟ್ಟುಕೊಳ್ಳಿ. ನೀವು ನಾಲ್ಕು ತಿರುಗಿಸಿದರೆ ಎಲ್ಲೋ ಮೈಲಿಗಳಾಚೆ ಒಂದು ಲೋಹದ ತೋಳು ನಾಲ್ಕು ಮೆಟ್ಟಿಲು ಮೇಲೇರುತ್ತದೆ. ಏಳು ತಿರುಗಿಸಿದರೆ ಏಳು ಹೆಜ್ಜೆ ಪಕ್ಕಕ್ಕೆ ಸರಿದು ಆ ಮನೆಯ ತಂತಿಯ ಮೇಲೆ ನಿಲ್ಲುತ್ತದೆ. ನಡುಮನೆಯಲ್ಲಿ ಕುಳಿತವರ ತೋರುಬೆರಳು ಕಣ್ಣಿಗೆ ಕಾಣದ ಕಟ್ಟಡದಲ್ಲಿ ಒಂದು ಯಂತ್ರವನ್ನು ಎತ್ತಿ, ತಿರುಗಿಸಿ, ನಿಲ್ಲಿಸುತ್ತಿತ್ತು! ಫೋನು ಹಚ್ಚುವಾಗ ನಾವು ಅದನ್ನು ಯೋಚಿಸಿದ್ದೇ ಇಲ್ಲ.

ಒಂದೊಂದು ಮಿಡಿತಕ್ಕೂ ಸಮಯ ಹಿಡಿಯುವುದರಿಂದ ದೊಡ್ಡ ಅಂಕೆ ಎಂದರೆ ದೊಡ್ಡ ಕಾಯುವಿಕೆ. ಅಮೆರಿಕದವರು 1947ರಲ್ಲಿ ಪ್ರದೇಶಗಳಿಗೆ ಕೋಡು ಹಂಚಿದಾಗ ಈ ಲೆಕ್ಕ ಹಾಕಿದರು. ಜನ ಹೆಚ್ಚಿರುವ ನ್ಯೂಯಾರ್ಕಿಗೆ 212, ಅಂದರೆ ಬರೀ ಐದು ಮಿಡಿತ. ಷಿಕಾಗೋಗೆ 312, ಆರು. ಆಮೇಲೆ ಬಂದ ಅಲಾಸ್ಕಾಕ್ಕೆ ಸಿಕ್ಕಿದ್ದು 907, ಇಪ್ಪತ್ತಾರು ಮಿಡಿತ! ನ್ಯೂಜಿಲೆಂಡಿನ ಡಯಲ್ಲಿನಲ್ಲಿ ಅಂಕೆಗಳು ತಲೆಕೆಳಗು. ಅಲ್ಲಿ ಒಂದಕ್ಕೆ ಒಂಬತ್ತು ಮಿಡಿತ. ಹಾಗಾಗಿ ಬ್ರಿಟನ್ನಿನವರು ಆಪತ್ತಿಗೆ 999 ತಿರುಗಿಸಿದರೆ ನ್ಯೂಜಿಲೆಂಡಿನವರು 111 ತಿರುಗಿಸುತ್ತಿದ್ದರು, ತಂತಿಯ ಮೇಲೆ ಎರಡೂ ಒಂದೇ. ನಮ್ಮಲ್ಲಿ ಡಯಲ್ ಫೋನುಗಳ ಕಾಲಕ್ಕೆ ಬೆಂಗಳೂರಿನ ಎಸ್‌ಟಿಡಿ ಕೋಡು 0812, ಮೈಸೂರಿನದು 0821. ಕೂಡಿಸಿ ನೋಡಿ, ಎರಡಕ್ಕೂ ಇಪ್ಪತ್ತೊಂದೇ ಮಿಡಿತ. ದೊಡ್ಡ ರಾಜಧಾನಿ, ಹಳೆಯ ರಾಜಧಾನಿ ಎಂಬ ಭೇದ ಡಯಲ್ಲಿಗೆ ಇರಲಿಲ್ಲ. ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಊರುಗಳಿಗೆ ಹೀಗೆ ತೂಕವಿಲ್ಲ. ಅಲ್ಲಿ ಎಲ್ಲರೂ ಒಂದೇ ಬೆರಳು ತಾಗುವಷ್ಟು ಹತ್ತಿರ.

ದುರಸ್ತಿಗೆ ಬೇಕಾಗುವುದು ಹಣಕ್ಕಿಂತ ತಾಳ್ಮೆ. ಬೇಕಲೈಟ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಮೈ ಮಂಕಾಗಿದ್ದರೆ ಬ್ರಾಸೋದಂಥ ಪಾಲಿಷು ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜುತ್ತ ಕೂರಬೇಕು; ಕಪ್ಪು ಮೆಲ್ಲಗೆ ಆಳದಿಂದ ಎದ್ದು ಬರುತ್ತದೆ. ಡಯಲ್ ನಿಧಾನವಾಗಿದ್ದರೆ ಹಳೆಯ ಜಿಡ್ಡು ತೆಗೆದು ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಬೇಕು. ಗವರ್ನರಿನ ಬಟ್ಟಲಿಗೆ ಎಣ್ಣೆ ಬಿದ್ದರೆ ಉಜ್ಜುವಿಕೆಯೇ ಹೋಗಿ ಡಯಲ್ ಹುಚ್ಚೆದ್ದು ಓಡುತ್ತದೆ. ದನಿ ಗೊಗ್ಗರಾಗಿದ್ದರೆ ರಿಸೀವರನ್ನು ಅಂಗೈಗೆ ಮೆಲ್ಲಗೆ ತಟ್ಟಿ ನೋಡಿ. ಬಾಯಿಯ ಕಡೆಯ ಬಿಲ್ಲೆಯೊಳಗೆ ಇಂಗಾಲದ ಕಾಳುಗಳಿವೆ. ನಾವು ಆಡುವ ಮಾತಿನ ಒತ್ತಡಕ್ಕೆ ಅವು ಬಿಗಿಯಾಗಿ, ಸಡಿಲವಾಗಿ, ಹರಿಯುವ ವಿದ್ಯುತ್ತನ್ನು ಏರಿಳಿಸುತ್ತವೆ. ತೇವಕ್ಕೆ ಅಂಟಿಕೊಂಡಿದ್ದರೆ ತಟ್ಟಿದಾಗ ಬಿಡಿಬಿಡಿಯಾಗುತ್ತವೆ. ತಾಯಂದಿರ, ಪ್ರೇಮಿಗಳ, ಸಾಲಗಾರರ ಮಾತೆಲ್ಲ ಒಂದು ಚಿಟಿಕೆ ಕರಿಪುಡಿಯ ಮೂಲಕ ಹಾದುಹೋಯಿತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಇನ್ನೂ ಆಗಿಲ್ಲ.

ಅಲಂಕಾರದ ಅಂಗಡಿಗಳಲ್ಲಿ ‘ಆಂಟಿಕ್’ ಹೆಸರಿನ ಹೊಳೆಹೊಳೆವ ಹಿತ್ತಾಳೆ ಫೋನುಗಳು ಸಿಗುತ್ತವೆ. ಕೆಲವುಗಳಲ್ಲಿ ಡಯಲ್ಲಿನ ಆಕಾರ ಮಾತ್ರ ಇದ್ದು ತೂತುಗಳ ಜಾಗದಲ್ಲಿ ಒತ್ತುಗುಂಡಿಗಳಿರುತ್ತವೆ. ಅವನ್ನು ಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಿರುಗದ ಡಯಲ್ಲಿನಲ್ಲಿ ತಿಳಿಯಲು ಏನೂ ಇಲ್ಲ, ಆದ್ದರಿಂದ ಬೆರಗಾಗಲೂ ಏನೂ ಇಲ್ಲ.

ಹಳೆಯ ಫೋನನ್ನು ಇಂದು ಬಳಸಬಹುದೇ? ಬಳಸಬಹುದು. ಈಗ ಮನೆಗೆ ಲ್ಯಾಂಡ್‌ಲೈನ್ ತರುವ ಫೈಬರ್ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಮಿಡಿತದ ಭಾಷೆ ಗೊತ್ತಿಲ್ಲ. ಮಿಡಿತವನ್ನು ಟೋನಿಗೆ ಬದಲಿಸುವ ಚಿಕ್ಕ ಸಲಕರಣೆ ನಡುವೆ ಕೂಡಿಸಿದರೆ ಆಯಿತು. ಹತ್ತಂಕಿಯ ಮೊಬೈಲ್ ನಂಬರ್ ತಿರುಗಿಸಲು ಹದಿನೈದು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಆ ಹೊತ್ತಿನಲ್ಲಿ, ಈ ಕರೆ ನಿಜವಾಗಿ ಬೇಕೇ ಎಂದು ಇನ್ನೊಮ್ಮೆ ಯೋಚಿಸಬಹುದು. ಒಂದೇ ಕಡೆ ಹಳೆಯ ಫೋನು ಸೋಲುತ್ತದೆ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದು ಬ್ಯಾಂಕಿನ ಯಂತ್ರ ಹೇಳಿದಾಗ, ಬರೀ ಮಿಡಿತದ ಲೈನಿನಲ್ಲಿ ಡಯಲ್ ತಿರುಗಿಸಿ ಪ್ರಯೋಜನವಿಲ್ಲ. ಒತ್ತುಗುಂಡಿಯ ಫೋನು ಕಳಿಸುವುದು ದನಿಯನ್ನು. ಅದು ಮಾತಿನ ಜೊತೆಗೇ ಆ ಕೊನೆಯವರೆಗೂ ಹೋಗುತ್ತದೆ. ಡಯಲ್ಲಿನ ಮಿಡಿತ ಎಕ್ಸ್‌ಚೇಂಜಿನ ಬಾಗಿಲಲ್ಲೇ ನಿಲ್ಲುತ್ತದೆ. ಮನುಷ್ಯರನ್ನು ಕರೆಯಲು ಹುಟ್ಟಿದ ಉಪಕರಣ ಯಂತ್ರದ ಜೊತೆ ಹರಟಲು ಒಲ್ಲೆ ಎನ್ನುತ್ತದೆ.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು, ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕುಳಿತವರು, ಕೆಟ್ಟ ಸುದ್ದಿ ತಡವಾಗಿ ತಲುಪಿ ಅಂತಿಮದರ್ಶನ ತಪ್ಪಿಸಿಕೊಂಡವರು ಹಾಗೆ ಹೇಳಲು ಬಿಡುವುದಿಲ್ಲ. ಇಂದಿನ ಮೊಬೈಲು ಆ ಕರಿ ಫೋನಿಗಿಂತ ಎಷ್ಟೋ ಪಾಲು ದೊಡ್ಡ ಸೋಜಿಗ ಎಂಬುದೂ ನಿಜ. ಆದರೆ ಅದರ ಸೋಜಿಗ ಮೈಮುಚ್ಚಿಕೊಂಡಿದೆ. ಬಿಚ್ಚಿ ನೋಡಿದರೆ ಹಸಿರು ಹಲಗೆ, ಕರಿ ಚಿಪ್ಪು, ಅಷ್ಟೆ. ಕಣ್ಣು ಮುಂದೆ ಹೋಗದು. ಡಯಲ್ ಫೋನು ನಮ್ಮ ಕಣ್ಣು, ಕಿವಿ, ಬೆರಳುಗಳ ವೇಗಕ್ಕೆ ಇಳಿದು ಬಂದು ತನ್ನನ್ನು ತೋರಿಸಿಕೊಳ್ಳುತ್ತದೆ. ಎಣಿಸಿದರೆ ಎಣಿಕೆಗೆ ಸಿಗುತ್ತದೆ. ಅದನ್ನು ಮಾಡಿದವರೂ ನಮ್ಮಂತೆಯೇ ಯೋಚಿಸುವವರು ಎಂದು ತಿಳಿಯುತ್ತದೆ. ಬೆರಗು ಭಕ್ತಿಯಾಗಿ ದೂರ ನಿಲ್ಲದೆ ಗೆಳೆತನವಾಗುವುದು ಆಗ.

ನಿಮ್ಮ ಮನೆಯ ಅಟ್ಟದಲ್ಲೋ ಊರಿನ ಹಳೆಯ ಪೆಟ್ಟಿಗೆಯಲ್ಲೋ ಇಂಥದ್ದೊಂದು ಇದ್ದರೆ ಕೆಜಿ ಲೆಕ್ಕದಲ್ಲಿ ತೂಗಿ ಕೊಡಬೇಡಿ. ರಜೆಯ ಒಂದು ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ತಿರುಪು ಬಿಚ್ಚಿ. ಡಯಲ್ ತಿರುಗಿಸಿ ಟಕಟಕವನ್ನು ಎಣಿಸಲು ಹೇಳಿ. ಸೊನ್ನೆಗೆ ಹತ್ತು ಏಕೆ ಎಂದು ಅವರೇ ಕೇಳುತ್ತಾರೆ. ಉತ್ತರವನ್ನು ಕೂಡಲೇ ಹೇಳಿಬಿಡಬೇಡಿ.