ಯಂತ್ರದೂತನ ಮಾತು

ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬುದು ಲೋಕವು ಒಪ್ಪಿರುವ ನಿಯಮ. ಆಡುವ ಬಾಯಿ ಒಂದಾಗಿ ಆಡಿಸುವ ಮನಸ್ಸು ಇನ್ನೊಂದಾದಾಗ ಈ ನಿಯಮವು ತೊಡಕಿಗೆ ಸಿಕ್ಕಿಕೊಳ್ಳುತ್ತದೆ. ಅರಸನ ದೂತ, ಸಾಹುಕಾರನ ಗುಮಾಸ್ತ, ಕಕ್ಷಿಗಾರನ ವಕೀಲ, ಇವರೆಲ್ಲರೂ ಪರರ ಮಾತನ್ನು ತಮ್ಮ ಬಾಯಿಂದ ಆಡುವವರೇ. ಆದರೂ ಇವರಿಗೆ ತಮ್ಮದೇ ಆದ ಮನಸ್ಸೊಂದುಂಟು. ಮಾತು ತಪ್ಪಿದರೆ ನಾಚಿಕೆಯೂ ಉಂಟು. ಈಚಿನ ಕೆಲವು ವರ್ಷಗಳಲ್ಲಿ ಇವರ ಸಾಲಿಗೆ ಹೊಸದೊಂದು ವಸ್ತು ಬಂದು ಸೇರಿದೆ. ಅದಕ್ಕೆ ಮಾತುಂಟು, ನಾಚಿಕೆಯಿಲ್ಲ. ಜನರು ಅದನ್ನು ಚಾಟ್‌ಬಾಟ್ ಎಂದು ಕರೆಯುತ್ತಾರೆ.

ಮೈಸೂರಿನ ಸರಸ್ವತಿಪುರಂ ವಾಗ್ದೇವತೆಯ ಹೆಸರನ್ನು ಹೊತ್ತ ಬಡಾವಣೆ. ಕುಕ್ಕರಹಳ್ಳಿಯ ಕೆರೆ ಅದಕ್ಕೆ ಹತ್ತಿರ. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯೂ ದೂರವಲ್ಲ. ಇಲ್ಲಿಯ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿರುವ ಒಬ್ಬ ತರುಣನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದು ಚಿಕಿತ್ಸಾಲಯದವರು ಅವನಿಗೆ ಒಂದು ಕೆಲಸವನ್ನು ಒಪ್ಪಿಸಿದ್ದಾರೆ. ಕ್ಷಯರೋಗಕ್ಕೆ ಔಷಧ ಸೇವಿಸುತ್ತಿರುವವರು ಹಗಲಿರುಳೆನ್ನದೆ ಮೊಬೈಲಿನಲ್ಲಿ ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳುವ ಚಾಟ್‌ಬಾಟ್ ಒಂದನ್ನು ಅವನು ಅಣಿಮಾಡಿಕೊಡಬೇಕು. ತರುಣನೂ ಚಿಕಿತ್ಸಾಲಯವೂ ಕಲ್ಪಿತವಾದರೂ ಕೆಲಸವು ಕಲ್ಪಿತವಲ್ಲ. 2023ರಲ್ಲಿ ಕರ್ನಾಟಕದ ಹಳ್ಳಿಗಳ ಜನರು ಕನ್ನಡದ ವಾಕ್ಯಗಳನ್ನು ತಮ್ಮ ಧ್ವನಿಯಲ್ಲಿ ಓದಿ ಹೇಳಿದರು. ಕ್ಷಯರೋಗದ ವಿಷಯದಲ್ಲಿ ಜನರೊಡನೆ ಮಾತನಾಡಬಲ್ಲ ಚಾಟ್‌ಬಾಟಿನ ಸಿದ್ಧತೆಗಾಗಿ ಕಾರ್ಯ ಎಂಬ ಸಂಸ್ಥೆಯು ಆ ಮಾತುಗಳನ್ನು ಸಂಗ್ರಹಿಸಿತು. ಮೈಸೂರಿಗೂ ಈ ರೋಗದ ನೆನಪು ಹಳೆಯದು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆರೋಗ್ಯಧಾಮವು ಕೃಷ್ಣರಾಜಸಾಗರದ ರಸ್ತೆಯಲ್ಲಿ ಸ್ಥಾಪಿತವಾಗಿ ನೂರು ವರ್ಷಗಳು ಕಳೆದಿವೆ.

ತರುಣನು ಮಾಡುವ ಕೆಲಸದ ಸ್ವರೂಪವನ್ನು ತಿಳಿಯದೆ ಅದರ ಧರ್ಮಾಧರ್ಮವನ್ನು ವಿಚಾರಿಸುವುದು ಆಗದು. ಮಾತನಾಡುವ ಯಂತ್ರವು ಅವನ ಕೋಣೆಯಲ್ಲಿಲ್ಲ. ಎಲ್ಲಿಯೋ ದೂರದಲ್ಲಿ ಒಂದು ಕಂಪನಿಗೆ ಸೇರಿದ ಸಾವಿರಾರು ಕಂಪ್ಯೂಟರುಗಳ ಸಮೂಹದಲ್ಲಿ ಅದು ಇದೆ; ಈ ಸಮೂಹಕ್ಕೆ ಕ್ಲೌಡ್ ಎಂದು ಹೆಸರು. ಅದನ್ನು ಮುಟ್ಟುವುದಕ್ಕೆ ಎಪಿಐ ಎಂಬ ಒಂದು ಬಾಗಿಲು, ಆ ಬಾಗಿಲಿಗೆ ಒಂದು ಗುಪ್ತವಾದ ಕೀಲಿಯ ಸಂಖ್ಯೆ. ರೋಗಿಯು ಕೇಳಿದ ಪ್ರಶ್ನೆಯನ್ನು ತರುಣನ ಪ್ರೋಗ್ರಾಮು ಒಂದು ಓಲೆಯ ರೂಪದಲ್ಲಿ ಈ ಬಾಗಿಲೊಳಗೆ ಕಳುಹಿಸುತ್ತದೆ. ಅದೇ ದಾರಿಯಿಂದ ಉತ್ತರವು ಹಿಂದಿರುಗುತ್ತದೆ. ಪ್ರಶ್ನೆಯು ಮಾತ್ರವೇ ಹೋಗುವುದಾದರೆ ನೈತಿಕ ವಿಚಾರಕ್ಕೆ ಹೆಚ್ಚು ಎಡೆಯಿರುತ್ತಿರಲಿಲ್ಲ. ಆದರೆ ಆ ಓಲೆಯ ತಲೆಯಲ್ಲಿ ಇನ್ನೊಂದು ಬರಹವಿರುತ್ತದೆ. ಅದಕ್ಕೆ ಸಿಸ್ಟಮ್ ಪ್ರಾಂಪ್ಟ್ ಎಂದು ಹೆಸರು. ನೀನು ಇಂಥವನು, ಇಂಥವರ ಪರವಾಗಿ ಮಾತನಾಡತಕ್ಕವನು, ಇದನ್ನು ಹೇಳು, ಇದನ್ನು ಹೇಳಬೇಡ, ಎಂದು ಮುಂತಾಗಿ ಯಂತ್ರಕ್ಕೆ ವಿಧಿಸುವ ಆಜ್ಞೆಯದು. ರೋಗಿಗೆ ಅದು ಕಾಣುವುದಿಲ್ಲ. ಪ್ರತಿಯೊಂದು ಪ್ರಶ್ನೆಯೊಡನೆಯೂ ಅದು ಹೊಸದಾಗಿ ಹೋಗುತ್ತದೆ. ಏಕೆಂದರೆ ಈ ಯಂತ್ರಕ್ಕೆ ತಾನಾಗಿ ನೆನಪಿಲ್ಲ. ಹಿಂದಿನ ಮಾತುಕತೆಯನ್ನು ಸಾಮಾನ್ಯವಾಗಿ ಆದ್ಯಂತವಾಗಿ ಪುನಃ ಬರೆದು ಕಳುಹಿಸಿದರೆ ತಾನೇ ಅದು ಮುಂದಿನ ಮಾತನ್ನು ಆಡುವುದು. ಅದು ಎಂದೂ ಆಡದ ಮಾತನ್ನು ಅದರದೇ ಮಾತೆಂದು ನಡುವೆ ಬರೆದು ಕಳುಹಿಸಿದರೂ ಅದು ತನ್ನದೆಂದೇ ಎಣಿಸಿ ಮುಂದುವರಿಯುವ ಸಂಭವ ಹೆಚ್ಚು. ಇದರ ಜೊತೆಗೆ ಅನೇಕ ಸೇವೆಗಳಲ್ಲಿ ಟೆಂಪರೇಚರ್ ಎಂಬ ಒಂದು ಅಳತೆಯುಂಟು: ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದರೆ ಯಂತ್ರವು ಹೆಚ್ಚು ಸಂಭವವಾದ ಪದವನ್ನೇ ಆಯ್ದುಕೊಳ್ಳುತ್ತ ಹೋಗುತ್ತದೆ, ಏರಿಸಿದರೆ ಅದರ ಮಾತಿಗೆ ವೈವಿಧ್ಯವೂ ಚಪಲತೆಯೂ ಬರುತ್ತವೆ. ಉತ್ತರದ ಉದ್ದಕ್ಕೂ ಮಿತಿಯನ್ನು ಕಟ್ಟಬಹುದು. ಕನ್ನಡದ ಮಾತು ಇಂಗ್ಲಿಷಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು ತುಣುಕುಗಳಾಗಿ ಒಡೆಯಲ್ಪಡುವುದರಿಂದಲೂ, ತುಣುಕಿನ ಲೆಕ್ಕದಲ್ಲಿಯೇ ಹಣ ಕೊಡಬೇಕಾಗಿರುವುದರಿಂದಲೂ, ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು ಉತ್ತರವನ್ನು ಮಾತ್ರ ಕನ್ನಡದಲ್ಲಿ ಕೇಳುವ ಆಸೆ ಹುಟ್ಟುತ್ತದೆ. ಇದು ಚಿಕ್ಕ ಸಂಗತಿಯೆಂದು ತೋರಬಹುದು. ಮುಂದೆ ಇದರ ಪ್ರಸಂಗ ಬರುತ್ತದೆ.

ಚಿಕಿತ್ಸಾಲಯದ ವ್ಯವಸ್ಥಾಪಕರು ತರುಣನಿಗೆ ಮೂರು ಸೂಚನೆಗಳನ್ನು ಕೊಟ್ಟಿದ್ದಾರೆಂದು ಇಟ್ಟುಕೊಳ್ಳಬಹುದು. ಚಾಟ್‌ಬಾಟು ತನ್ನನ್ನು ‘ಸಿಸ್ಟರ್’ ಎಂದು ಹೇಳಿಕೊಳ್ಳಬೇಕು; ತಾನು ಯಂತ್ರವೆಂದು ಹೇಳಿಕೊಳ್ಳಬಾರದು; ಯಾವ ಪ್ರಶ್ನೆಗೂ ಗೊತ್ತಿಲ್ಲವೆಂದು ಹೇಳಕೂಡದು. ಇವುಗಳಲ್ಲಿ ದುರುದ್ದೇಶವೇನೂ ಇಲ್ಲ. ಹಳ್ಳಿಯಿಂದ ಬಂದ ರೋಗಿಗೆ ಯಂತ್ರವೆಂದರೆ ಅಳುಕು, ನರ್ಸಮ್ಮನೆಂದರೆ ಸಲಿಗೆ, ಎಂಬ ಸದ್ಭಾವನೆಯಿಂದಲೇ ಅವರು ಹಾಗೆ ಹೇಳಿರಬಹುದು. ಮೂರು ಪಂಕ್ತಿಗಳನ್ನು ಬರೆಯಲು ಅರ್ಧ ನಿಮಿಷ ಸಾಕು.

ಸಲಿಗೆಯು ಎಷ್ಟು ಬೇಗನೆ ಹುಟ್ಟುತ್ತದೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬೌಮ್ ಎಂಬ ಪ್ರಾಧ್ಯಾಪಕನು 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದನು. ಅದರಲ್ಲಿಯೂ ಯಂತ್ರ ಬೇರೆ, ಅದಕ್ಕೆ ಪಾತ್ರವನ್ನು ವಿಧಿಸುವ ಲಿಪಿ ಬೇರೆ. ಪ್ರಸಿದ್ಧವಾದ ಲಿಪಿಯಲ್ಲಿ ಅದು ಮನೋವೈದ್ಯನ ಪಾತ್ರವನ್ನು ಆಡುತ್ತಿತ್ತು. ಕೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಒಪ್ಪಿಸುವುದಕ್ಕಿಂತ ಹೆಚ್ಚಿನ ಸಾಮರ್ಥ್ಯ ಅದಕ್ಕಿರಲಿಲ್ಲ. ಆದರೂ ಅದು ಯಂತ್ರವೆಂದು ಚೆನ್ನಾಗಿ ಬಲ್ಲ ಅವನ ಕಾರ್ಯದರ್ಶಿನಿಯೇ ಅದರೊಡನೆ ಮಾತನಾಡುವಾಗ ಅವನನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡಳು. ಬಲ್ಲವರ ಸ್ಥಿತಿಯೇ ಹೀಗಾದರೆ ಅರಿಯದವರ ಪಾಡೇನು? ಆ ಪ್ರಾಧ್ಯಾಪಕನು ತನ್ನ ಮುಂದಿನ ಆಯುಷ್ಯದ ಬಹುಭಾಗವನ್ನು ಇಂಥ ಯಂತ್ರಗಳ ದುರುಪಯೋಗದ ವಿರುದ್ಧ ಎಚ್ಚರಿಕೆ ಹೇಳುವುದರಲ್ಲಿಯೇ ಕಳೆದನು.

ಕೆಲವರು ಹೀಗೆ ಆಕ್ಷೇಪಿಸಬಹುದು: ಈಗಿನ ಯಂತ್ರವು ತನ್ನ ವಾಕ್ಯಗಳನ್ನು ತಾನೇ ರಚಿಸುತ್ತದೆ, ತರುಣನು ಬರೆದದ್ದು ಒಂದು ಪುಟ, ಅದು ಆಡುವುದು ಲಕ್ಷ ಪುಟ, ಹೀಗಿರಲು ಪ್ರತಿಯೊಂದು ಮಾತಿಗೂ ಅವನನ್ನಾಗಲಿ ಚಿಕಿತ್ಸಾಲಯವನ್ನಾಗಲಿ ಹೊಣೆಮಾಡುವುದು ನ್ಯಾಯವೇ? ಇದೇ ವಾದವು ಕೆನಡಾ ದೇಶದ ಒಂದು ನ್ಯಾಯಮಂಡಲಿಯ ಮುಂದೆ ಬಂದಿತ್ತು. ಏರ್ ಕೆನಡಾ ವಿಮಾನಸಂಸ್ಥೆಯ ಚಾಟ್‌ಬಾಟು, ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕನಿಗೆ, ಮರಣದ ನಿಮಿತ್ತವಾದ ರಿಯಾಯಿತಿಯನ್ನು ಟಿಕೆಟು ಕೊಂಡಮೇಲೆಯೂ 90 ದಿನಗಳೊಳಗೆ ಕೇಳಬಹುದೆಂದು ತಿಳಿಸಿತು. ಸಂಸ್ಥೆಯ ನಿಯಮವು ಹಾಗಿರಲಿಲ್ಲ. ವ್ಯಾಜ್ಯವು ಬಂದಾಗ ಸಂಸ್ಥೆಯು ಚಾಟ್‌ಬಾಟು ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ವ್ಯಕ್ತಿಯೋ ಎಂಬಂತೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಲಿಯು ಈ ವಾದವನ್ನು ತಳ್ಳಿಹಾಕಿ ಪ್ರಯಾಣಿಕನಿಗೆ ಪರಿಹಾರವನ್ನು ಕೊಡಿಸಿತು. ತೀರ್ಪಿನಲ್ಲಿದ್ದ ಹಣ ಅಲ್ಪ; ವಾದದಲ್ಲಿದ್ದ ಧೈರ್ಯ ಮಾತ್ರ ಅಲ್ಪವಲ್ಲ.

ಸರಸ್ವತಿಪುರದಿಂದ ಹೆಚ್ಚು ದೂರವಿಲ್ಲದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಅದು ಓರಿಯೆಂಟಲ್ ಲೈಬ್ರರಿಯಾಗಿದ್ದ ಕಾಲದಲ್ಲಿ, ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಆ ಗ್ರಂಥದಲ್ಲಿ ದೂತರ ವಿಚಾರವಾಗಿ ಒಂದು ಪ್ರಕರಣವಿದೆ. ಕೌಟಿಲ್ಯನು ದೂತರನ್ನು ಮೂರು ತರವಾಗಿ ವಿಂಗಡಿಸುತ್ತಾನೆ. ನಿಸೃಷ್ಟಾರ್ಥನೆಂಬುವನು ಅಮಾತ್ಯನ ಸಕಲಗುಣಗಳುಳ್ಳವನು. ಕಾರ್ಯವನ್ನು ಅವನ ವಿವೇಚನೆಗೇ ಒಪ್ಪಿಸಬಹುದು. ಪರಿಮಿತಾರ್ಥನ ಗುಣಗಳು ಕಾಲುಭಾಗ ಕಡಮೆ; ಅವನಿಗೆ ಕಾರ್ಯವನ್ನು ಎಲ್ಲೆಕಟ್ಟಿ ಕೊಡಬೇಕು. ಶಾಸನಹರನ ಗುಣಗಳು ಅರ್ಧಭಾಗ ಕಡಮೆ. ಅವನು ಓಲೆಯನ್ನು ಹೊತ್ತು ಒಪ್ಪಿಸತಕ್ಕವನು ಅಷ್ಟೆ. ದೂತನನ್ನು ಕೊಲ್ಲಬಾರದೆಂಬುದಕ್ಕೆ ಅಲ್ಲಿರುವ ಕಾರಣವೂ ಗಮನಿಸತಕ್ಕದ್ದು: ಮಾತು ಅವನದಲ್ಲ, ಕಳುಹಿಸಿದವನದು. ದೂತನಿಗೆ ಅಭಯವಿರುವುದು ಅರಸನಿಗೆ ಹೊಣೆಯಿರುವುದರಿಂದ. ವಿಮಾನಸಂಸ್ಥೆಯು ಇದನ್ನು ತಲೆಕೆಳಗು ಮಾಡಿ, ಹೊಣೆಯನ್ನು ದೂತನ ಮೇಲೆ ಹೊರಿಸಿ ಅಭಯವನ್ನು ತಾನೇ ಇಟ್ಟುಕೊಳ್ಳಲು ನೋಡಿತು.

ಇನ್ನು ತರುಣನ ಯಂತ್ರವು ಈ ಮೂವರಲ್ಲಿ ಯಾರಾಗತಕ್ಕದ್ದು? ಗೊತ್ತಿಲ್ಲವೆಂದು ಹೇಳಕೂಡದೆಂಬ ಒಂದು ಪಂಕ್ತಿಯಿಂದ ವ್ಯವಸ್ಥಾಪಕರು ತಮಗರಿವಿಲ್ಲದೆಯೇ ಅದನ್ನು ನಿಸೃಷ್ಟಾರ್ಥನನ್ನಾಗಿ ಮಾಡಿಬಿಟ್ಟಿದ್ದಾರೆ. ರಾತ್ರಿ ಹನ್ನೊಂದು ಗಂಟೆಗೆ ಹುಣಸೂರಿನ ಕಡೆಯ ಒಬ್ಬ ಹೆಂಗಸು, ‘ನಮ್ಮ ಯಜಮಾನರಿಗೆ ಮೂತ್ರ ಕೆಂಪಗೆ ಹೋಗುತ್ತಿದೆ, ಮಾತ್ರೆ ನಿಲ್ಲಿಸಲಾ?’ ಎಂದು ಕೇಳುತ್ತಾಳೆಂದು ಇಟ್ಟುಕೊಳ್ಳಬಹುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರಕ್ಕೆ ಕೆಂಪುಮಿಶ್ರಿತ ಕಿತ್ತಳೆಯ ಬಣ್ಣವನ್ನು ಕೊಡುತ್ತದೆ. ಅದರಿಂದ ಅಪಾಯವಿಲ್ಲ. ಹೆದರಿ ಮಾತ್ರೆಯನ್ನು ನಿಲ್ಲಿಸಿದರೆ ಅಪಾಯವುಂಟು. ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕಾದ ಚಿಕಿತ್ಸೆಯನ್ನು ನಡುವೆ ಬಿಟ್ಟವರಲ್ಲಿ ರೋಗವು ಮರುಕಳಿಸುವುದೂ ಔಷಧಕ್ಕೆ ಬಗ್ಗದಂತಾಗುವುದೂ ಉಂಟು. ಆದರೆ ಇದೇ ಔಷಧಗಳು ಕೆಲವರಲ್ಲಿ ಯಕೃತ್ತನ್ನು ಕೆಡಿಸುತ್ತವೆ. ಆಗಲೂ ಮೂತ್ರದ ಬಣ್ಣ ಗಾಢವಾಗುತ್ತದೆ; ಜೊತೆಗೆ ಕಣ್ಣು ಹಳದಿಯಾಗುತ್ತದೆ, ವಾಂತಿಯಾಗುತ್ತದೆ, ಅನ್ನ ಸೇರುವುದಿಲ್ಲ. ಅಂಥವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ಸ್ಥಿತಿಗಳಿಗೂ ಪ್ರಶ್ನೆ ಒಂದೇ, ಉತ್ತರ ಮಾತ್ರ ಬೇರೆ. ಏನನ್ನಾದರೂ ಹೇಳಲೇಬೇಕಾದ ಯಂತ್ರವು, ಇದು ಸಹಜ, ಹೆದರಬೇಡಿ, ಎಂದು ಸಿಸ್ಟರಿನ ಧ್ವನಿಯಲ್ಲಿ ಸಮಾಧಾನ ಹೇಳಿಬಿಟ್ಟರೆ, ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅದು ಹಿತವಚನವಾಗಿ ಹತ್ತನೆಯವನಿಗೆ ಮೃತ್ಯುವಾಗಬಹುದು.

ಹಾಗಾದರೆ ಅದು ಶಾಸನಹರನಾಗಿಯೇ ಇರಲಿ, ಎಲ್ಲ ಪ್ರಶ್ನೆಗಳಿಗೂ ವೈದ್ಯರನ್ನು ಕಾಣಿರೆಂಬ ಒಂದೇ ಓಲೆಯನ್ನು ಓದಲಿ, ಎಂದು ಅಂಜುಬುರುಕರು ಹೇಳುತ್ತಾರೆ. ಇದು ಸುರಕ್ಷಿತವಾದ ಮಾತು. ಸುರಕ್ಷಿತವೆಂದರೆ ಹೇಳಿದವನಿಗೆ, ಕೇಳಿದವಳಿಗಲ್ಲ. ಆ ಹೊತ್ತಿನಲ್ಲಿ ಬಸ್ಸಿಲ್ಲ. ಬೆಳಗಿನ ಮಾತ್ರೆಯನ್ನು ಕೊಡುವುದೋ ಬಿಡುವುದೋ ಅವಳು ನಿಶ್ಚಯಿಸಬೇಕು. ಅಂಥವಳಿಗೆ ಬರಿಯ ಓಲೆಯನ್ನು ಓದಿ ಹೇಳುವುದು ಬಾಗಿಲು ಮುಚ್ಚಿಕೊಂಡಂತೆಯೇ. ಯಂತ್ರಕ್ಕೆ ಹೊಂದುವುದು ಪರಿಮಿತಾರ್ಥನ ಪದವಿ. ಅದು ಮೊದಲು ಪ್ರತಿಪ್ರಶ್ನೆ ಮಾಡಲಿ: ಕಣ್ಣು ಹಳದಿಯಾಗಿದೆಯೇ, ವಾಂತಿಯುಂಟೇ ಎಂದು. ಉತ್ತರವನ್ನನುಸರಿಸಿ, ಎಲ್ಲೆಯೊಳಗಿರುವುದನ್ನು ಸ್ಪಷ್ಟವಾಗಿ ಹೇಳಲಿ. ಎಲ್ಲೆಯನ್ನು ಮೀರಿದ್ದಾದರೆ ತನಗೆ ಅಧಿಕಾರವಿಲ್ಲವೆಂದು ಅಷ್ಟೇ ಸ್ಪಷ್ಟವಾಗಿ ಹೇಳಿ, ಆಸ್ಪತ್ರೆಯನ್ನೋ ಸರಕಾರದ ನಿಕ್ಷಯ್ ಸಹಾಯವಾಣಿಯನ್ನೋ ತೋರಿಸಲಿ. ಇಷ್ಟನ್ನೂ ಸಿಸ್ಟಮ್ ಪ್ರಾಂಪ್ಟಿನಲ್ಲಿ ಬರೆಯುವುದು ಸಾಧ್ಯ. ಆದರೆ ಎಲ್ಲೆ ಎಲ್ಲಿದೆಯೆಂಬುದನ್ನು ತರುಣನು ಬಲ್ಲನೇ? ಅದನ್ನು ಬಲ್ಲವರು ವೈದ್ಯರು. ವೈದ್ಯರಿಗೋ ಇಂಥ ಹಾಳೆಯೊಂದಿದೆಯೆಂಬುದೇ ಅನೇಕ ವೇಳೆ ತಿಳಿದಿರುವುದಿಲ್ಲ. ತಿಳಿದರೂ ಇಂಗ್ಲಿಷಿನ ಆಜ್ಞೆಯು ಕನ್ನಡದ ಉತ್ತರವಾಗುವ ದಾರಿಯಲ್ಲಿ ಏನೇನಾಯಿತೆಂಬುದು ತಿಳಿಯುವುದಿಲ್ಲ. ಆಜ್ಞೆಯ ಭಾಷೆಯೂ ಮುಖ್ಯವೆಂದು ಹೇಳಿದುದು ಇದಕ್ಕಾಗಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಆದರೆ ಎಪ್ಪತ್ತು ವರ್ಷದ ಮುದುಕನನ್ನು ಯಂತ್ರವು ‘ನೀನು’ ಎಂದು ಕರೆದ ಮೇಲೆ ಅದು ಕೊಡುವ ಬುದ್ಧಿವಾದವನ್ನು ಅವನು ಕೇಳುವನೇ?

ಕನ್ನಡದ ವ್ಯಾಕರಣವು ಈ ವಿಚಾರದಲ್ಲಿ ಇನ್ನೂ ಎರಡು ಸಂಗತಿಗಳನ್ನು ಎದುರಿಗಿಡುತ್ತದೆ. ನಮ್ಮ ನುಡಿಯಲ್ಲಿ ಮನುಷ್ಯನಿಗೂ ವಸ್ತುವಿಗೂ ಕ್ರಿಯಾಪದ ಬೇರೆ: ಅವಳು ಹೇಳಿದಳು, ಅದು ಹೇಳಿತು. ಆದರೆ ಈ ಭೇದವು ಪ್ರಥಮಪುರುಷದಲ್ಲಿ ಮಾತ್ರ. ‘ನಾನು ಹೇಳುತ್ತೇನೆ’ ಎಂಬಲ್ಲಿ ಆಡಿದುದು ಹೆಣ್ಣೋ ಗಂಡೋ ವಸ್ತುವೋ ತಿಳಿಯದು. ಯಂತ್ರವು ಈ ಮರೆಯಲ್ಲಿ ನಿಂತು ಮಾತನಾಡುತ್ತದೆ. ಗುಟ್ಟು ಹೊರಬೀಳುವುದು ಮರುದಿನ ಬೆಳಗ್ಗೆ, ಆ ಹೆಂಗಸು ಗಂಡನಿಗೆ ವರದಿ ಒಪ್ಪಿಸುವಾಗ. ‘ಸಿಸ್ಟರ್ ಹೇಳಿದರು’ ಎಂದು ಅವಳೆಂದರೆ, ಇಲ್ಲದ ಒಬ್ಬ ಮನುಷ್ಯಳ ಮೇಲೆ ಅವಳು ಭಾರ ಹಾಕಿದಂತಾಯಿತು. ಅವಳು ಮಾಡಿದ ತಪ್ಪಲ್ಲ ಅದು. ಸರಸ್ವತಿಪುರದ ಮಹಡಿಯಲ್ಲಿ ಬರೆದ ಒಂದು ಪಂಕ್ತಿ. ಎರಡನೆಯದು ‘ಅಂತೆ’ ಎಂಬ ಚಿಕ್ಕ ಪದ. ಕಂಡದ್ದನ್ನು ‘ಮಳೆ ಬಂತು’ ಎಂದು ಹೇಳುವ ಕನ್ನಡಿಗನು ಕೇಳಿದ್ದನ್ನು ‘ಮಳೆ ಬಂತಂತೆ’ ಎನ್ನುತ್ತಾನೆ. ಅಕ್ಷರವರಿಯದವನೂ ಈ ಪ್ರಾಮಾಣಿಕತೆಯನ್ನು ತಪ್ಪುವುದು ಕಡಮೆ. ಯಂತ್ರವು ರೋಗಿಯನ್ನು ಕಂಡದ್ದಿಲ್ಲ, ಮಾತ್ರೆಯನ್ನು ಮುಟ್ಟಿದ್ದಿಲ್ಲ. ಅದಕ್ಕಿರುವುದೆಲ್ಲ ಪರರ ಬರಹದಿಂದ ಬಂದುದು. ಆದರೂ ಅದರ ವಾಕ್ಯಗಳಲ್ಲಿ ‘ಅಂತೆ’ ಇಲ್ಲ. ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತದೆ. ಈ ಮಾತು ಇಂಥ ಕೈಪಿಡಿಯದು, ಇದನ್ನು ನೋಡಿ ಒಪ್ಪಿದವರು ಇಂಥ ವೈದ್ಯರು, ಎಂದು ಅದರ ಬಾಯಿಂದ ಹೇಳಿಸುವುದು ತರುಣನಿಗೆ ಸಾಧ್ಯವಿರುವಾಗ ಹೇಳಿಸದಿರುವುದು ಅವನ ಲೋಪವೇ.

ಹೇಳಿಸಿದರೂ ಸಾಲದು. ಆಜ್ಞೆಯನ್ನು ಯಂತ್ರವು ಬಹುಮಟ್ಟಿಗೆ ಪಾಲಿಸುತ್ತದೆ, ಪೂರ್ತಿಯಾಗಿ ಪಾಲಿಸುವುದಿಲ್ಲ. ಟೆಂಪರೇಚರನ್ನು ಸೊನ್ನೆಗಿಳಿಸಿದರೆ ಮಾತು ಸ್ಥಿರವಾದೀತು, ಸತ್ಯವೇ ಆದೀತೆಂಬ ಭರವಸೆಯಿಲ್ಲ; ತಪ್ಪನ್ನೂ ಸ್ಥಿರವಾಗಿ ಹೇಳಬಹುದು. ಆದುದರಿಂದ ನೂರಾರು ಬಗೆಯಲ್ಲಿ ಕೇಳಿ ನೋಡಬೇಕು. ಮೈಸೂರಿನ ಕನ್ನಡದಲ್ಲಿ ಕೇಳಿದಂತೆಯೇ ಕಲಬುರಗಿಯ ಕನ್ನಡದಲ್ಲಿಯೂ, ಅರ್ಧ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿಯೂ ಕೇಳಬೇಕು. ಜನರ ಬಳಕೆಗೆ ಬಂದ ಮೇಲೂ ಉತ್ತರಗಳನ್ನು ದಿನವೂ ಒಬ್ಬರು ಓದಬೇಕು. ಈ ಕೆಲಸಕ್ಕೆ ಸಂಬಳ ಕೊಡುವ ಮನಸ್ಸು ವ್ಯವಸ್ಥಾಪಕರಿಗೆ ಇದೆಯೋ ಇಲ್ಲವೋ ಎಂಬಲ್ಲಿಯೇ ಅವರ ಸದ್ಭಾವನೆಯ ಪರೀಕ್ಷೆಯಾಗುತ್ತದೆ. ತರುಣನೂ, ಹೇಳಿದಂತೆ ಬರೆದೆ, ನನ್ನದೇನು, ಎಂದು ಜಾರಿಕೊಳ್ಳುವಂತಿಲ್ಲ. ಅವನು ಯಂತ್ರವಲ್ಲವಷ್ಟೆ, ಬರೆಯಲಾರೆನೆಂದು ಹೇಳುವ ಶಕ್ತಿ ಅವನಿಗಿದೆ.

ಆ ಮೂರು ಪಂಕ್ತಿಗಳನ್ನು ಅಳಿಸಿ, ಎಲ್ಲೆಗಳನ್ನು ಕನ್ನಡದಲ್ಲಿಯೇ ಬರೆದು, ಹಾಳೆಯನ್ನು ಅಚ್ಚುಮಾಡಿಕೊಂಡು ತರುಣನು ಚಿಕಿತ್ಸಾಲಯದ ಹಿರಿಯ ವೈದ್ಯರ ಬಳಿಗೆ ಹೋದನೆಂದು ಇಟ್ಟುಕೊಳ್ಳಬಹುದು. ವೈದ್ಯರು ಕನ್ನಡಕವನ್ನು ಸರಿಪಡಿಸಿಕೊಂಡು ಎರಡು ಸಲ ಓದಿಯಾರು. ಕಣ್ಣು ಹಳದಿಯಾದರೆ ಎಂಬ ಪಂಕ್ತಿಯ ಪಕ್ಕದಲ್ಲಿ ಪೆನ್ನಿನಿಂದ ಇನ್ನೊಂದು ಮಾತು ಸೇರಿಸಿಯಾರು. ಕೊನೆಯಲ್ಲಿ, ‘ಇದರ ಕೆಳಗೆ ತಮ್ಮ ಹೆಸರು ಹಾಕಬಹುದೇ ಸಾರ್?’ ಎಂದು ತರುಣನು ಕೇಳಿದಾಗ, ದಿನಕ್ಕೆ ನೂರು ಚೀಟಿಗಳಿಗೆ ಯೋಚಿಸದೆ ಸಹಿ ಹಾಕುವ ಆ ಕೈ ಒಂದು ಗಳಿಗೆ ನಿಲ್ಲುವುದು.